ಡೈಡೋಳ ಕೊನೆಯ ಹಾಡು: ಬಾಸ್ ಎಣಿಸುವುದು ಹೇಗೆ

ಹೆನ್ರಿ ಪರ್ಸೆಲ್‌ನ ‘ಡೈಡೋ ಅಂಡ್ ಈನಿಯಸ್’ ಮೂರು ಅಂಕಗಳ, ಸುಮಾರು ಒಂದು ಗಂಟೆಯ ಬರೋಕ್ (ಹದಿನೇಳು–ಹದಿನೆಂಟನೇ ಶತಮಾನದ ಯುರೋಪಿನ ಶೈಲಿಯ) ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಸಾಹಿತ್ಯ ನೇಹಮ್ ಟೇಟ್‌ನದು. 1689ರ ಹೊತ್ತಿಗೆ ಚೆಲ್ಸಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರದರ್ಶನ ಕಂಡಿತ್ತು. ಕಥೆ ವರ್ಜಿಲ್‌ನ ‘ಈನಿಯಡ್’ ಕಾವ್ಯದ ನಾಲ್ಕನೇ ಸರ್ಗದಿಂದ ಬಂದದ್ದು. ಟ್ರಾಯ್‌ನಿಂದ ಬಂದ ಈನಿಯಸ್ ಕಾರ್ಥೇಜಿನ ರಾಣಿ ಡೈಡೋಳನ್ನು ಪ್ರೀತಿಸಿ, ಬಿಟ್ಟು ಹೊರಡುತ್ತಾನೆ; ಅವಳು ಸಾಯುತ್ತಾಳೆ. ವರ್ಜಿಲ್‌ನಲ್ಲಿ ‘ಹೊರಡು’ ಎನ್ನುವುದು ದೇವರ ನಿಜವಾದ ಅಪ್ಪಣೆ. ಟೇಟ್‌ನಲ್ಲಿ ಮಾಟಗಾತಿ ಕಳಿಸಿದ ಭೂತವೊಂದು ದೇವದೂತ ಮರ್ಕ್ಯುರಿಯ ವೇಷದಲ್ಲಿ ಬಂದು ಹೇಳುವ ಸುಳ್ಳು. ಇದರಿಂದ ಅವಳ ಸಾವು ಇನ್ನಷ್ಟು ಅನ್ಯಾಯವಾಗುತ್ತದೆ.

ಇನ್ನು ಸಾಯುವ ಮುನ್ನ ಅವಳು ಹಾಡುವ ಆ ಹಾಡು, ‘ವೆನ್ ಐ ಆಮ್ ಲೇಡ್ ಇನ್ ಅರ್ತ್’. ಇದು ಗ್ರೌಂಡ್ ಬಾಸ್ ಮೇಲೆ ನಿಂತಿದೆ, ಅಂದರೆ ಕೆಳದನಿಯ (ಬಾಸ್) ವಾದ್ಯಗಳು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತವೆ. ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದಲು ಬರದವರು ಕರ್ನಾಟಕ ಸಂಗೀತದ ಸ್ವರದಲ್ಲೇ ಹಿಡಿಯಬಹುದು. ‘ಜಿ’ಯನ್ನು ಷಡ್ಜ ಮಾಡಿಕೊಳ್ಳಿ: ಷಡ್ಜ, ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ಮೇಳಕರ್ತ ರಾಗದಲ್ಲಿ ಒಂದೇ ನಿಷಾದ, ಒಂದೇ ಧೈವತ. ಇಲ್ಲಿ ಎರಡೆರಡೂ ಸಾಲಾಗಿ ಬರುತ್ತವೆ. ಕಿವಿಗೆ ಆಗುವ ಸಂಕಟ ಅಲ್ಲಿಂದಲೇ. ಪಂಚಮ ಮುಟ್ಟಿದ ಮೇಲೆ ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ ಹಿಡಿದು ಷಡ್ಜಕ್ಕೆ ಸೇರುತ್ತದೆ. ಒಂದು ಸುತ್ತಿಗೆ ಐದು ಬಾರ್ (ತಾಳದ ಆವರ್ತದಂಥ ಅಳತೆ).

ಕಷ್ಟವಾದ ಜಾಗ ಮುಂದಿನದು. ನಾಲ್ಕಲ್ಲ, ಐದು ಬಾರ್ ಆದ್ದರಿಂದ ಲೆಕ್ಕ ಬೇಗ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಡಿನ ವಾಕ್ಯ ಮುಗಿದಾಗ ಬಾಸ್‌ನ ಸುತ್ತೂ ಮುಗಿಯಿತು ಅಂದುಕೊಂಡರೆ ಎಣಿಕೆ ಎಲ್ಲಿಗೂ ಹೊಂದುವುದಿಲ್ಲ. ಬಾಸ್ ಷಡ್ಜ ತಲುಪಿ ಮತ್ತೆ ಇಳಿಯಲು ಶುರು ಮಾಡುವಾಗ ಡೈಡೋ ಇನ್ನೂ ವಾಕ್ಯದ ನಡುವೆ ಇರುತ್ತಾಳೆ. ಹಾಗಾಗಿ ಅವಳ ಉಸಿರನ್ನು ನಂಬಿ ಎಣಿಸಬೇಡಿ. ಮೊದಲ ಸುತ್ತು ಅವಳಿಲ್ಲದೆ ಬರುತ್ತದಲ್ಲ, ಅದನ್ನು ಬಾಯಿಪಾಠ ಮಾಡಿ. ಆಮೇಲೆ ಅವಳ ದನಿ ಬಂದಾಗಲೂ ಬಾಸನ್ನೇ ಗುನುಗುತ್ತಾ ಹೋಗಿ. ಸಾಲು ಕಳೆದುಹೋದರೆ ಎರಡು ನಿಷಾದಗಳಿಗಾಗಿ ಕಾಯಿರಿ. ಸುತ್ತು ಅಲ್ಲೇ ಹೊಸದಾಗಿ ಆರಂಭವಾಗಿದೆ ಎಂದರ್ಥ.

ಒಟ್ಟು ಹನ್ನೊಂದು ಸುತ್ತು: ಆರಂಭಕ್ಕೆ ಒಂದು, ಮೊದಲ ಭಾಗಕ್ಕೆ ಎರಡು, ಅದರ ಪುನರಾವರ್ತನೆಗೆ ಎರಡು, ‘ರಿಮೆಂಬರ್ ಮಿ’ಗೆ ಎರಡು, ಅದರ ಪುನರಾವರ್ತನೆಗೆ ಎರಡು, ಕೊನೆಗೆ ವಾದ್ಯಗಳಿಗೆ ಎರಡು. ‘ರಿಮೆಂಬರ್ ಮಿ’ ಎನ್ನುವಾಗ ಅವಳು ಪಂಚಮವನ್ನೇ ಹಿಡಿದು ನಿಂತಿರುತ್ತಾಳೆ. ಆಮೇಲೆ ಒಮ್ಮೆ ತಾರ ಷಡ್ಜಕ್ಕೆ ಏರುತ್ತಾಳೆ. ಕೆಳಗೆ ಬಾಸ್ ಮಾತ್ರ ಅದೇ ಸಾಲು, ಅದೇ ಶ್ರುತಿ. ಇಡೀ ಹಾಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು.

ಇದು ಹಿಡಿತಕ್ಕೆ ಬಂದ ಮೇಲೆ ಮೊದಲ ಅಂಕದ ‘ಆ ಬೆಲಿಂಡಾ’ ಕೇಳಿ. ಅದೂ ಡೈಡೋಳದೇ, ಅದೂ ಗ್ರೌಂಡ್ ಬಾಸ್. ಆದರೆ ಅಲ್ಲಿ ಬಾಸ್ ನಡುವೆ ಸ್ವಲ್ಪ ಹೊತ್ತು ಬೇರೆ ಶ್ರುತಿಗೆ ಹೋಗಿ ಬರುತ್ತದೆ. ಆ ತಿರುವು ಎಲ್ಲಿದೆ ಎಂದು ಗುರುತಿಸಿಕೊಳ್ಳಿ.