ರಿಪೋರ್ಟಿಗೆ ಅಲರ್ಜಿ, ಮಗುವಿಗಲ್ಲ

ಆಹಾರದ ಅಲರ್ಜಿ ಎಂದು ಕರೆತರುವ ಮಕ್ಕಳ ಜೊತೆ ಈಚೆಗೆ ಒಂದು ಫೈಲೂ ಬರುತ್ತದೆ. ಒಳಗೆ ನಾಲ್ಕೈದು ಪುಟದ ರಕ್ತಪರೀಕ್ಷೆಯ ರಿಪೋರ್ಟು. ಎಡಗಡೆ ಅಕ್ಕಿ, ಗೋಧಿ, ತೊಗರಿ, ಬದನೆಕಾಯಿ, ಬಾಳೆಹಣ್ಣು, ಹಾಲು, ಮೊಟ್ಟೆ, ಸೀಗಡಿ ಅಂತ ಉದ್ದನೆಯ ಪಟ್ಟಿ, ಬಲಗಡೆ ಅಂಕಿಗಳು, ಕೆಲವು ಅಂಕಿಗಳಿಗೆ ಕೆಂಪು ಬಣ್ಣ. ನನ್ನ ಹತ್ತಿರ ಬರುವಷ್ಟರಲ್ಲಿ ಕೆಂಪಾದದ್ದನ್ನೆಲ್ಲ ಮನೆಯವರು ನಿಲ್ಲಿಸಿಯಾಗಿರುತ್ತದೆ.

"ಈಗ ಏನು ತಿಂತಾನೆ?"

"ಅನ್ನ, ಹೆಸರುಬೇಳೆ ಕಟ್ಟು, ಅಷ್ಟೇ ಡಾಕ್ಟ್ರೇ."

"ಹಾಲು ಕೊಟ್ರೆ ಏನಾಗ್ತಿತ್ತು?"

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಏನೂ ಆಗ್ತಿರಲಿಲ್ಲ. ಮೈ ತುಂಬಾ ತುರಿಸಿಕೊಳ್ತಿದ್ದ, ಅದಕ್ಕೇ ಟೆಸ್ಟ್ ಮಾಡಿಸಿದ್ವಿ."

ಹಾಲು ಕುಡಿದು ಏನೂ ಆಗದ ಮಗುವಿಗೆ ಹಾಲಿನ ಅಲರ್ಜಿ ಇಲ್ಲ. ರಿಪೋರ್ಟು ಏನಾದರೂ ಹೇಳಲಿ. ಇಷ್ಟನ್ನು ಒಪ್ಪಿಸುವುದಕ್ಕೇ ಕೆಲವೊಮ್ಮೆ ಅರ್ಧ ಗಂಟೆ ಬೇಕಾಗುತ್ತದೆ. ದುಡ್ಡು ಕೊಟ್ಟು ಮಾಡಿಸಿದ ಟೆಸ್ಟ್ ಸುಳ್ಳು ಹೇಳುತ್ತದೆ ಎಂದರೆ ಯಾರು ತಾನೇ ಒಪ್ಪುತ್ತಾರೆ?

ಟೆಸ್ಟ್ ಸುಳ್ಳು ಹೇಳುವುದಿಲ್ಲ, ನಿಜ. ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಂದು ಆಹಾರಕ್ಕೆ ಎದುರಾಗಿ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಇದೆಯೇ, ಇದ್ದರೆ ಎಷ್ಟು ಎಂಬುದಷ್ಟೇ ಅದರ ಲೆಕ್ಕ. ದೇಹ ಆ ಆಹಾರವನ್ನು ಗುರುತಿಟ್ಟುಕೊಂಡಿದೆ ಎಂದು ಅದರಿಂದ ತಿಳಿಯುತ್ತದೆ. ತಿಂದಾಗ ದೇಹ ಜಗಳಕ್ಕೆ ಬೀಳುತ್ತದೋ ಇಲ್ಲವೋ ಅದು ಹೇಳಲಾರದು. ಠಾಣೆಯ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಕಳ್ಳರಲ್ಲ, ದೂರು ಕೊಡಲು ಹೋದವರ ಹೆಸರೂ ಅಲ್ಲಿರುತ್ತದೆ.

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಪುರಾವೆ ಇದೆ. ಯುರೋಪಿನ ನೆರವಿನ ಯೂರೋಪ್ರಿವಾಲ್ ಯೋಜನೆಯಡಿ ಬೆಂಗಳೂರು, ಮೈಸೂರಿನ ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಅದರಲ್ಲಿ ಮುಂದಿದ್ದರು. ಯಾವುದಾದರೂ ಆಹಾರಕ್ಕೆ ಐಜಿಇ ಇದ್ದವರು ಶೇ. 26.5. ಐಜಿಇಯೂ ಇದ್ದು ತಿಂದಾಗ ತೊಂದರೆಯೂ ಆಗುತ್ತಿದ್ದವರು ಶೇ. 1.2. ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರ ರಿಪೋರ್ಟು ಕೆಂಪು, ಆದರೆ ನೂರರಲ್ಲಿ ಒಬ್ಬರಿಗೆ ಮಾತ್ರ ಅಲರ್ಜಿ. ಅದೇ ಯೋಜನೆ ಶಾಲಾಮಕ್ಕಳನ್ನೂ ನೋಡಿತು. ಹಾಂಗ್‌ಕಾಂಗ್‌ನಲ್ಲಿ ಶೇ. 1.5 ಮಕ್ಕಳಿಗೆ ಆಹಾರದ ಅಲರ್ಜಿ ಕಂಡರೆ, ಭಾರತದಲ್ಲಿ ಕಂಡದ್ದು ಶೇ. 0.14. ಅಮೆರಿಕದ ವಿಡಿಯೊ ನೋಡಿ ಗಾಬರಿಯಾಗುವ ತಂದೆತಾಯಂದಿರಿಗೆ ನಾನು ಮೊದಲು ಹೇಳುವುದು ಈ ಎರಡು ಅಂಕಿಗಳನ್ನು.

ಹಾಗಾದರೆ ತಿನ್ನದ ಪದಾರ್ಥಕ್ಕೂ ರಿಪೋರ್ಟು ಯಾಕೆ ಕೆಂಪಾಗುತ್ತದೆ? ಅಪ್ಪಟ ಸಸ್ಯಾಹಾರಿ ಮನೆಯ ಮಗುವಿನ ರಿಪೋರ್ಟಿನಲ್ಲಿ ಸೀಗಡಿ ಪಾಸಿಟಿವ್ ಬಂದದ್ದನ್ನು ನೋಡಿದ್ದೇನೆ. ಅಜ್ಜಿಗೆ ಸಿಡಿಲು ಬಡಿದಂತಾಗಿತ್ತು, ಹೊರಗೆ ಎಲ್ಲಿ ಏನು ತಿನ್ನಿಸಿದಿರಿ ಎಂದು ಸೊಸೆಯ ಮೇಲೆ ಅನುಮಾನ. ನಿಜ ಏನೆಂದರೆ ಹಾಸಿಗೆ ದಿಂಬಿನಲ್ಲಿರುವ ಧೂಳಿನ ನುಸಿ, ಜಿರಳೆ, ಸೀಗಡಿ ಮೂರರಲ್ಲೂ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಸರಿಸುಮಾರು ಒಂದೇ ರೂಪದ್ದು. ಧೂಳಿಗೆ ಸೀನುವ ಮಗುವಿನ ರಕ್ತ ಸೀಗಡಿಗೂ ಕೈ ಎತ್ತುತ್ತದೆ. ಹೂವಿನ ಪರಾಗದ ಅಲರ್ಜಿ ಇದ್ದವರಲ್ಲಿ ಹಣ್ಣು ತರಕಾರಿಗಳು ಕೆಂಪಾಗುವುದೂ ಹೀಗೆಯೇ. ಇನ್ನು ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆ ಮಾಡಿ "ಫುಡ್ ಇನ್‌ಟಾಲರೆನ್ಸ್" ಎಂದು ನೂರಾರು ಪದಾರ್ಥಗಳ ಪಟ್ಟಿ ಕೊಡುವ ಪ್ಯಾಕೇಜುಗಳಿವೆ. ಅವುಗಳಿಂದ ಅಲರ್ಜಿ ಪತ್ತೆ ಮಾಡಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿತ್ತು, ಅಮೆರಿಕದ್ದು 2010ರಲ್ಲಿ ದನಿಗೂಡಿಸಿತು. ದಿನಾ ತಿನ್ನುವ ಪದಾರ್ಥಕ್ಕೆ ಐಜಿಜಿ ಇರುವುದು ಸಹಜ. ಆ ದುಡ್ಡಿಗೆ ಮಗುವಿಗೆ ಹಣ್ಣು ತಂದುಕೊಡಿ.

ಹಾಗಾಗಿ ನನಗೆ ಬೇಕಾದದ್ದು ಫೈಲಿಗಿಂತ ಹೆಚ್ಚಾಗಿ ಕತೆ. ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಏನಾಯಿತು? ಐಜಿಇ ಅಲರ್ಜಿ ಸಾಮಾನ್ಯವಾಗಿ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಮುಖ ತೋರಿಸುತ್ತದೆ. ತುಟಿ ಊದುತ್ತದೆ, ಮೈ ಮೇಲೆ ಗಂಧೆ ಏಳುತ್ತದೆ, ವಾಂತಿಯಾಗುತ್ತದೆ, ಕೆಮ್ಮು ಹತ್ತುತ್ತದೆ. ಮುಂದಿನ ಸಲ ಅದೇ ತಿಂದರೆ ಮತ್ತೆ ಅದೇ ಆಗುತ್ತದೆ. ಸೋಮವಾರ ಮೊಟ್ಟೆ ತಿಂದು ಗುರುವಾರ ಗಂಧೆ ಎದ್ದರೆ ಅದಕ್ಕೂ ಮೊಟ್ಟೆಗೂ ಸಂಬಂಧವಿಲ್ಲ, ನಡುವೆ ಬಂದ ನೆಗಡಿ ಜ್ವರವೇ ಕಾರಣವಿರಬಹುದು. ಹಸುಗೂಸುಗಳಲ್ಲಿ ಹಾಲಿನಿಂದ ಮಲದಲ್ಲಿ ರಕ್ತ ಬರುವಂಥ ನಿಧಾನದ ಬಗೆಯೂ ಒಂದಿದೆ, ಅದರಲ್ಲಿ ಐಜಿಇ ಪರೀಕ್ಷೆ ನೆಗೆಟಿವ್ ಬರುತ್ತದೆ. ಅಲ್ಲಿಯೂ ದಾರಿ ತೋರುವುದು ಕತೆಯೇ. ಮನೆಯವರಿಗೆ ನಾನು ಹೇಳುವ ಕೆಲಸ ಒಂದೇ: ಗಂಧೆ ಎದ್ದಾಗ ಫೋನಿನಲ್ಲಿ ಫೋಟೊ ತೆಗೆಯಿರಿ, ಆಗಿನ ಸಮಯ ಮತ್ತು ಅದಕ್ಕೆ ಮುಂಚೆ ತಿಂದದ್ದನ್ನು ಬರೆದಿಡಿ. ಆ ಒಂದು ಫೋಟೊ ಎಷ್ಟೋ ಸಲ ರಿಪೋರ್ಟಿಗಿಂತ ಹೆಚ್ಚು ಹೇಳುತ್ತದೆ.

"ನಿಲ್ಲಿಸಿದರೆ ನಷ್ಟವೇನು, ಒಳ್ಳೆಯದೇ ಅಲ್ಲವೇ" ಎನ್ನುವವರಿದ್ದಾರೆ. ನಷ್ಟವಿದೆ. ಹಾಲು, ಮೊಟ್ಟೆ, ಬೇಳೆ, ಗೋಧಿ ಒಟ್ಟಿಗೆ ತೆಗೆದರೆ ಒಂದೂವರೆ ವರ್ಷದ ಮಗುವಿನ ತೂಕದ ಗೆರೆ ಚಾರ್ಟಿನಲ್ಲಿ ಮಲಗಿಬಿಡುತ್ತದೆ. ಹಾಲೂಡಿಸುವ ತಾಯಿಗೂ ಪಥ್ಯ ಹೇರುವ ಮನೆಗಳಲ್ಲಿ ಇಬ್ಬರೂ ಸೊರಗುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ, ಇರುವ ಮಗು ಒಂದು ಆಹಾರವನ್ನು ತೊಂದರೆಯಿಲ್ಲದೆ ತಿನ್ನುತ್ತಿದ್ದು, ಅದನ್ನು ತಿಂಗಳುಗಟ್ಟಲೆ ನಿಲ್ಲಿಸಿ ಮತ್ತೆ ಕೊಟ್ಟಾಗ ನಿಜವಾದ, ಜೋರಾದ ಅಲರ್ಜಿ ಕಾಣಿಸಿಕೊಂಡ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇಲ್ಲದ ಅಲರ್ಜಿಯನ್ನು ಪಥ್ಯವೇ ತಂದಿಟ್ಟಂತೆ.

ಈ ಕ್ಷೇತ್ರದ ತಿಳಿವಳಿಕೆ ತಲೆಕೆಳಗಾದದ್ದೂ ಇದೇ ದಾರಿಯಲ್ಲಿ. 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಎರಡು ವರ್ಷದವರೆಗೆ ಮೊಟ್ಟೆ, ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದಿತ್ತು. ಆದರೂ ಅಲರ್ಜಿ ಏರುತ್ತಲೇ ಹೋಯಿತು. ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2008ರಲ್ಲಿ ಒಂದು ವಿಚಿತ್ರವನ್ನು ಬರೆದರು: ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಇಸ್ರೇಲಿನಲ್ಲಿ ಹಲ್ಲು ಬರುವ ಮೊದಲೇ ಮಕ್ಕಳು ಬಾಂಬಾ ಎಂಬ ಕಡಲೆಕಾಯಿಯ ಕುರುಕಲು ಚೀಪುತ್ತವೆ. ಮುಂದೆ ಅವರು 640 ಕೂಸುಗಳನ್ನು ತೆಗೆದುಕೊಂಡರು. ಎಲ್ಲವೂ 4ರಿಂದ 11 ತಿಂಗಳಿನವು, ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದವು. ಅರ್ಧದಷ್ಟು ಮಕ್ಕಳಿಗೆ ಕಡಲೆಕಾಯಿ ಕೊಟ್ಟರು, ಉಳಿದವರಿಗೆ ಐದು ವರ್ಷದವರೆಗೆ ಕೊಡಲಿಲ್ಲ. 2015ರಲ್ಲಿ ಫಲಿತಾಂಶ ಬಂತು: ತಿನ್ನದವರಲ್ಲಿ ಶೇ. 17.2ಕ್ಕೆ ಅಲರ್ಜಿ, ತಿಂದವರಲ್ಲಿ ಶೇ. 3.2. ಲೀಪ್ ಎಂದು ಹೆಸರಾದ ಅಧ್ಯಯನ ಇದು. ಅಮೆರಿಕದಲ್ಲಿ 2017ರಲ್ಲಿ ಹೊಸ ಸಲಹೆ ಬಂದ ಮೇಲೆ ಪುಟ್ಟ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇ. 40 ಇಳಿದಿದೆ ಎಂಬ ಲೆಕ್ಕ 2025ರಲ್ಲಿ ಪ್ರಕಟವಾಗಿದೆ.

ಬಾಯಿಯ ಮೂಲಕ ಹೋದ ಆಹಾರವನ್ನು ದೇಹ ನೆಂಟನಂತೆ ಒಪ್ಪಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ಹೋದದ್ದನ್ನು ಶತ್ರು ಎಂದು ಗುರುತಿಡುತ್ತದೆ ಎಂಬುದು ಇದರ ಹಿಂದಿರುವ ವಾದ. ಇಲ್ಲಿ ನಮ್ಮ ಮನೆಗಳ ವಿಷಯ ಬರುತ್ತದೆ. ಕೂಸಿಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಉಜ್ಜಿ ಸ್ನಾನ ಮಾಡಿಸುವುದು ಹಳೆಯ ರೂಢಿ. ಚರ್ಮ ನಯವಾಗಿದ್ದರೆ ನನ್ನ ತಕರಾರಿಲ್ಲ. ಆದರೆ ಕೆನ್ನೆ, ಮೊಣಕೈ ಮಡಿಕೆ, ಮಂಡಿಯ ಹಿಂದೆ ಕೆಂಪಾಗಿ ರಸಿ ಒಸರುವ ಮಗುವಿಗೆ ಹಿಟ್ಟು, ಕೆನೆ, ಬಾದಾಮಿ ಎಣ್ಣೆ ಯಾವುದೂ ಬೇಡ. ಅಂಥ ಮಗುವಿಗೆ ಮೊದಲು ಚರ್ಮದ ಚಿಕಿತ್ಸೆ ಆಗಬೇಕು. ಸ್ಟೀರಾಯ್ಡ್ ಮುಲಾಮು ಎಂದರೆ ಹೌಹಾರುವವರೇ ನಾಲ್ಕು ಆಹಾರ ನಿಲ್ಲಿಸಲು ಹಿಂದುಮುಂದು ನೋಡುವುದಿಲ್ಲ, ಇದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಆರು ತಿಂಗಳಿಗೆ ರಾಗಿ ಸರಿ ಶುರುವಾದ ಮೇಲೆ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಅರೆದ ಕಡಲೆಬೀಜ, ಮೊಸರು ಇವನ್ನೆಲ್ಲ ಒಂದೊಂದಾಗಿ ಸೇರಿಸಬಹುದು. ಮೊಟ್ಟೆ ನಿಮ್ಮ ಮನೆಯಲ್ಲಿ ತಿನ್ನುವುದಾದರೆ ಮಾತ್ರ. ಇಡೀ ಕಡಲೆಬೀಜ ಮಾತ್ರ ಐದು ವರ್ಷದವರೆಗೆ ಬೇಡ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ತೀವ್ರ ಎಕ್ಸಿಮಾ ಇದ್ದರೆ ಅಥವಾ ಈಗಾಗಲೇ ಒಂದು ಆಹಾರ ಕೆಡುಕು ಮಾಡಿದ್ದರೆ ಕೊಡುವ ಮೊದಲು ವೈದ್ಯರಿಗೆ ತೋರಿಸಿ.

ನಿಜವಾದ ಅಲರ್ಜಿ ಇರುವ ಮಕ್ಕಳ ಮನೆಗಳ ಬದುಕೇ ಬೇರೆ. ಹಸುವಿನ ಹಾಲಿನ ಅಲರ್ಜಿ ಇದ್ದರೆ ಅಜ್ಜಿಯ ಮೊದಲ ಪ್ರಶ್ನೆ "ಮೇಕೆ ಹಾಲು ಕೊಡಬೌದಾ ಡಾಕ್ಟ್ರೇ?" ಕೊಡಬಾರದು, ಎಮ್ಮೆಯದೂ ಬೇಡ, ಪ್ರೋಟೀನುಗಳು ಅಷ್ಟು ಒಂದೇ ತರಹ. ಪ್ಯಾಕೆಟ್ಟಿನ ಮೇಲೆ ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿ, ಗೋಧಿಯಂಥ ಧಾನ್ಯ, ಕಡಲೆಕಾಯಿ, ಗೋಡಂಬಿ ಬಾದಾಮಿ ಜಾತಿ, ಸೋಯಾ ಇದ್ದರೆ ಬರೆಯಲೇಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಹೇಳುತ್ತದೆ. ಎಳ್ಳು ಆ ಪಟ್ಟಿಯಲ್ಲಿಲ್ಲ. ಸಂಕ್ರಾಂತಿಯ ದಿನ ಮನೆಮನೆಯಿಂದ ಬರುವ ಎಳ್ಳುಬೆಲ್ಲಕ್ಕೆ ಲೇಬಲ್ಲೂ ಇರುವುದಿಲ್ಲ, ಎಳ್ಳು ಕಡಲೆಬೀಜ ಎರಡೂ ಅದರಲ್ಲೇ. ಪುಳಿಯೋಗರೆ, ಚಟ್ನಿಪುಡಿ, ಬದನೆಕಾಯಿ ಎಣ್ಣೆಗಾಯಿಯನ್ನೂ ಕೇಳಿಯೇ ತಿನ್ನಿಸಬೇಕು. ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಬೇಡವೆಂದ ಮಗುವಿಗೆ 2025ರ ಆರಂಭದವರೆಗೆ ಕಡಲೆ ಚಿಕ್ಕಿಯನ್ನೂ ಕೊಡುತ್ತಿದ್ದರು, ಕೊಡುವ ತಿನಿಸು ಹೀಗೆ ಬದಲಾಗುವುದರಿಂದ ಟೀಚರಿಗೆ ಒಂದು ಚೀಟಿ ಬರೆದುಕೊಡಿ. ಅಂದ ಹಾಗೆ, ಮೊಟ್ಟೆ ಅಲರ್ಜಿ ಇದೆಯೆಂದು ದಡಾರದ ಲಸಿಕೆ ತಪ್ಪಿಸಬೇಡಿ, ಅದನ್ನು ಕೊಡಬಹುದು.

ಉಸಿರಾಟಕ್ಕೆ ತೊಂದರೆ, ಪದೇ ಪದೇ ವಾಂತಿ, ಮಂಕು ಕವಿದಂತೆ ಜೋಲುವುದು ಕಂಡರೆ ಅದು ಅನಾಫಿಲಾಕ್ಸಿಸ್, ಪ್ರಾಣಕ್ಕೇ ಕುತ್ತು ತರುವ ಅಲರ್ಜಿ. ಆಗ ಬೇಕಾದ ಔಷಧ ಅಡ್ರಿನಲಿನ್. ಸೆಟಿರಿಜಿನ್ ಸಿರಪ್ಪಾಗಲಿ ಅವಿಲ್ ಇಂಜೆಕ್ಷನ್ನಾಗಲಿ ತುರಿಕೆ ತಗ್ಗಿಸಬಹುದು, ಕುಸಿಯುವ ಬಿಪಿಯನ್ನು ಎತ್ತಲಾರವು. ತಾನೇ ಚುಚ್ಚಿಕೊಳ್ಳುವಂಥ ವಿದೇಶದ ಅಡ್ರಿನಲಿನ್ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದರೆ ಅದೇ ಔಷಧದ ಪುಟ್ಟ ಗಾಜಿನ ಶೀಸೆ, ಆಂಪೂಲಿಗೆ ದೊಡ್ಡ ಬೆಲೆಯೇನಿಲ್ಲ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವ ಆಂಪೂಲಿನಿಂದ, ಕಿಲೊ ತೂಕಕ್ಕೆ 0.01 ಮಿಲಿಲೀಟರ್ ಲೆಕ್ಕದಲ್ಲಿ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಹದಿನೈದು ಕಿಲೊ ಮಗುವಿಗೆ 0.15 ಮಿಲಿಲೀಟರ್. ನಿಮ್ಮ ವೈದ್ಯರಿಂದ ಪ್ರಮಾಣ ಬರೆಸಿಕೊಂಡು, ಕಲಿತು, ಇನ್ಸುಲಿನ್ ಸಿರಿಂಜು ಕೊಟ್ಟರೆ ಅದರ ಗೆರೆ ಯಾವುದೆಂದು ಗುರುತು ಹಾಕಿಸಿಕೊಂಡು ಹೋಗಿ. ಚುಚ್ಚಿದ ಮೇಲೆ ಮಗುವನ್ನು ಮಲಗಿಸಿ, ಏದುಸಿರಿದ್ದರೆ ಕೂರಿಸಿ, ನಡೆಸಬೇಡಿ, ಆಸ್ಪತ್ರೆಗೆ ಹೊರಡಿ.

ಸುದ್ದಿಗಳನ್ನು ಓದಿ ಬರುವವರಿಗೆ ಎರಡು ಮಾತು. ಒಮಲಿಜುಮಾಬ್ ಇಂಜೆಕ್ಷನ್ನಿಗೆ ಆಹಾರದ ಅಲರ್ಜಿಗಾಗಿ ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 67 ಮಂದಿ ಎರಡು ಮೂರು ಕಡಲೆಬೀಜದಷ್ಟು ಪ್ರೋಟೀನನ್ನು ತಡೆದುಕೊಂಡರು, ಔಷಧವಿಲ್ಲದ ಸೂಜಿ ಪಡೆದವರಲ್ಲಿ ಶೇ. 7. ಗೊತ್ತಿಲ್ಲದೆ ಬಾಯಿಗೆ ಬಿದ್ದ ತುಣುಕಿನಿಂದ ಪ್ರಾಣಾಪಾಯವಾಗದಿರಲಿ ಎಂಬುದಕ್ಕೆ ಅದು. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು, ದುಬಾರಿ, ವಾಸಿ ಮಾಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಬೇಯಿಸಿದ ಕಡಲೆಕಾಯಿಯಿಂದಲೇ ಮಕ್ಕಳ ದೇಹವನ್ನು ಪಳಗಿಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು: ಮೊದಲು ಹನ್ನೆರಡು ಗಂಟೆ ಬೇಯಿಸಿದ್ದು, ಆಮೇಲೆ ಎರಡು ಗಂಟೆಯದು, ಕೊನೆಗೆ ಹುರಿದದ್ದು. ಬೇಯಿಸಿದಾಗ ಪ್ರೋಟೀನು ಸಡಿಲಾಗಿ ನೀರಿಗೂ ಇಳಿಯುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಊರಿನವರಿಗೆ ಕೇಳಲು ಹಿತ, ಆದರೆ ಮನೆಯ ಕುಕ್ಕರಿನಲ್ಲಿ ಮಾಡುವ ಪ್ರಯೋಗ ಇದಲ್ಲ.

ಹಾಲು, ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆದಂತೆ ಹೋಗುತ್ತದೆ. ಹೋಗಿದೆಯೇ ಎಂದು ತಿಳಿಯುವುದು ಆಸ್ಪತ್ರೆಯಲ್ಲಿ ತಿನ್ನಿಸಿ ನೋಡಿಯೇ. ಹಾಲಿನ ಅಲರ್ಜಿಯಿರುವ ನಾಲ್ವರಲ್ಲಿ ಮೂವರು ಕೇಕಿನಲ್ಲಿ ಬೆಂದ ಹಾಲನ್ನು ತಡೆದುಕೊಳ್ಳುತ್ತಾರೆ, ಆದ್ದರಿಂದ ಅನೇಕ ಸಲ ಅಲ್ಲಿಂದಲೇ ಶುರು. ಗೋಧಿಹಿಟ್ಟಿನ ಜೊತೆ 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದ ಹಾಲೇ ಬೇರೆ, ಒಲೆಯ ಮೇಲೆ ಉಕ್ಕಿಸಿದ ಹಾಲೇ ಬೇರೆ. ಬೆಳಗ್ಗೆ ಬಂದು, ಚೂರಿನಿಂದ ಹಿಡಿದು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಹೆಚ್ಚಿಸುತ್ತ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಕೊನೆಯ ತುತ್ತಿನ ನಂತರ ಎರಡು ಗಂಟೆ ಕಾಯುತ್ತೇವೆ. ಪಾಸಾದ ಮಗುವಿಗೆ ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಅದನ್ನು ಕೊಡುತ್ತಿರಬೇಕು. ಮುಂದಿನ ಭೇಟಿಯಲ್ಲಿ ನಾನು ಮೊದಲು ಕೇಳುವುದು ಅದನ್ನೇ. ಅರ್ಧಕ್ಕರ್ಧ ಮನೆಯವರು "ಭಯ ಆಯ್ತು ಡಾಕ್ಟ್ರೇ, ಕೊಡಲಿಲ್ಲ" ಎನ್ನುತ್ತಾರೆ. ಆಗ ಆ ವಾರದ ಮೊದಲ ತುಂಡನ್ನು ನನ್ನ ಕೋಣೆಯಲ್ಲೇ ತಿನ್ನಿಸಿ ಕಳಿಸುತ್ತೇನೆ.