ಗಾಳಿಯೇ ಇಲ್ಲದ ಕಡೆ ಟೈ ಫೈಟರ್‌ಗೆ ರೆಕ್ಕೆ ಎಂತಕ್ಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಸೆಕೆಂಡ್ ಪಿಯುಸಿ ಸೈನ್ಸ್. ಮನೆಯಲ್ಲಿ ಸ್ಟಾರ್ ವಾರ್ಸ್ ಸಿನಿಮಾ ನೋಡುತ್ತಾ ಇದ್ದೆ. ಅದರಲ್ಲಿ ಸಾಮ್ರಾಜ್ಯ ಅನ್ನುವ ಖಳರ ಪಡೆಯ ಸಣ್ಣ ಯುದ್ಧ ನೌಕೆ ಟೈ ಫೈಟರ್ ಅಂತರಿಕ್ಷದಲ್ಲಿ ಹಾರುತ್ತಿತ್ತು. ನಮ್ಮ ಮಾವ ಬಂದು ಕೂತವರು, "ಅಲ್ಲಿ ಗಾಳಿಯೇ ಇಲ್ವಲ್ಲಾ, ಅದಕ್ಕೆ ಅಷ್ಟಗಲ ರೆಕ್ಕೆ ಎಂತಕ್ಕೆ ಮಾರಾಯ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅದೂ ಅಲ್ಲದೆ ಟೈ ಫೈಟರ್ ರೆಕ್ಕೆ ಒಂದರಲ್ಲಿ ಚಪ್ಪಟೆ, ಇನ್ನೊಂದರಲ್ಲಿ ಬಾಗಿದ್ದು, ಮತ್ತೊಂದರಲ್ಲಿ ಚೂಪು. ಯಾಕೆ ಹೀಗೆ?

ಉತ್ತರ: ಮೊದಲು ನಿಮ್ಮ ಮಾವನಿಗೆ ಒಂದು ನಮಸ್ಕಾರ ಹೇಳಿ. ಸ್ಟಾರ್ ವಾರ್ಸ್ ಬಗ್ಗೆ ನನಗೆ ಅತಿ ಜಾಸ್ತಿ ಸಲ ಬಂದ ಪ್ರಶ್ನೆ ಇದೇ. ವಿಮಾನದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಗಾಳಿ ಇಲ್ಲದ ಕಡೆ ರೆಕ್ಕೆಗೆ ಕೆಲಸವೇ ಇಲ್ಲ. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಇಳಿದ ನಮ್ಮ ವಿಕ್ರಮ್ ಲ್ಯಾಂಡರ್ ನೋಡಿ. ನಾಲ್ಕು ಕಾಲಿನ ಪೆಟ್ಟಿಗೆ, ಅಷ್ಟೇ.

ಆದರೆ ಮಾವ ಒಂದು ಕಡೆ ಎಡವಿದ್ದಾರೆ. ಟೈ ಫೈಟರ್‌ನ ಎರಡು ಪಕ್ಕ ಗೋಡೆಯ ಹಾಗೆ ನಿಂತಿರುವುದು ರೆಕ್ಕೆಯಲ್ಲ. ಕಥೆಯ ಪ್ರಕಾರ ಅದು ಸೋಲಾರ್ ಪ್ಯಾನೆಲ್. ಹೆಸರಿನಲ್ಲೇ ಸುಳಿವಿದೆ. ಟೈ ಅಂದರೆ ಟ್ವಿನ್ ಅಯಾನ್ ಎಂಜಿನ್, ಅಂದರೆ ಎರಡು ಅಯಾನ್ ಎಂಜಿನ್. ನಡುವೆ ಪೈಲಟ್ ಕೂರುವ ಚೆಂಡಿನಂಥ ಕೋಣೆ, ಹಿಂದೆ ಎಂಜಿನ್, ಪಕ್ಕಕ್ಕೆ ಬಿಸಿಲು ಹಿಡಿಯುವ ಆರು ಮೂಲೆಯ ಕಪ್ಪು ಹಲಗೆಗಳು.

ಅಯಾನ್ ಎಂಜಿನ್ ಕಟ್ಟುಕಥೆಯಲ್ಲ. ಕ್ಸೆನಾನ್‌ನಂಥ ಅನಿಲಕ್ಕೆ ವಿದ್ಯುತ್ ಚಾರ್ಜ್ ಕೊಟ್ಟು, ಆ ಕಣಗಳನ್ನು ಭಾರಿ ವೇಗದಲ್ಲಿ ಹಿಂದಕ್ಕೆ ಎಸೆಯುವುದು. ಅವು ಹಿಂದಕ್ಕೆ ಹೋದರೆ ನೌಕೆ ಮುಂದಕ್ಕೆ. ನಾಸಾದ ಡಾನ್ ನೌಕೆ 2007ರಲ್ಲಿ ಹೊರಟು, ಇಂಥ ಎಂಜಿನ್ ನಂಬಿಕೊಂಡೇ 2011ರಲ್ಲಿ ವೆಸ್ಟಾ ಅನ್ನುವ ಕ್ಷುದ್ರಗ್ರಹ, 2015ರಲ್ಲಿ ಸೀರೀಸ್ ಅನ್ನುವ ಕುಬ್ಜಗ್ರಹ ತಲುಪಿತು. 2017ರಲ್ಲಿ ಇಸ್ರೋ ಹಾರಿಸಿದ ಜಿಸ್ಯಾಟ್-9 ಉಪಗ್ರಹದಲ್ಲೂ ಕ್ಸೆನಾನ್ ಬಳಸುವ ವಿದ್ಯುತ್ ಎಂಜಿನ್ ಇತ್ತು. ಡಾನ್‌ನ ಸೋಲಾರ್ ಪ್ಯಾನೆಲ್ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 20 ಮೀಟರ್. ಅಂದರೆ ಅಯಾನ್ ಎಂಜಿನ್ ಪಕ್ಕದಲ್ಲಿ ದೊಡ್ಡ ಪ್ಯಾನೆಲ್ ಇಟ್ಟದ್ದು ಪೂರ್ತಿ ಬುರುಡೆಯಲ್ಲ.

ಬುರುಡೆ ಇರುವುದು ವೇಗದಲ್ಲಿ. ಡಾನ್‌ನ ಎಂಜಿನ್ ತಳ್ಳುವ ಬಲ ಎಷ್ಟು ಗೊತ್ತಾ? ಅಂಗೈ ಮೇಲೆ ಒಂದು ಕಾಗದದ ಹಾಳೆ ಇಟ್ಟರೆ ಎಷ್ಟು ಭಾರ ಅನಿಸುತ್ತದೋ ಅಷ್ಟು. ನಿಂತ ಜಾಗದಿಂದ ಗಂಟೆಗೆ 96 ಕಿಲೋಮೀಟರ್ ವೇಗಕ್ಕೆ ಬರಲು ಅದಕ್ಕೆ 4 ದಿನ ಬೇಕು. ತಿಂಗಳುಗಟ್ಟಲೆ ನಿಲ್ಲಿಸದೆ ತಳ್ಳುತ್ತಾ ಹೋಗುವುದು ಅದರ ಬಂಡವಾಳ. ಕಣ್ಣು ಮಿಟುಕಿಸುವುದರೊಳಗೆ ತಿರುಗಿ ಗುಂಡು ಹಾರಿಸುವ ಕೆಲಸಕ್ಕೆ ಅದು ಆಗುವುದಿಲ್ಲ.

ಪ್ಯಾನೆಲ್‌ನ ಲೆಕ್ಕವನ್ನೂ ಹಾಕಿಬಿಡೋಣ, ನೀವು ಹೇಗೂ ಸೈನ್ಸ್. ಭೂಮಿಯಷ್ಟು ದೂರದಲ್ಲಿ, ವಾತಾವರಣದ ಹೊರಗೆ, ಸೂರ್ಯ ಒಂದು ಚದರ ಮೀಟರ್‌ಗೆ ಕೊಡುವುದು ಸುಮಾರು 1,360 ವಾಟ್. ಒಂದು ಹಲಗೆ 40 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಇದು ಲೆಕ್ಕದ ಸುಲಭಕ್ಕೆ ನಾನೇ ಹಿಡಿದದ್ದು. ಬಿದ್ದ ಬಿಸಿಲಿನಲ್ಲಿ 100ಕ್ಕೆ 30 ಪಾಲು ಕರೆಂಟ್ ಆಗುತ್ತದೆ ಅಂದರೂ ಸಿಗುವುದು 16 ಕಿಲೋವಾಟ್ ಚಿಲ್ಲರೆ. ಎಚ್‌ಪಿ ಲೆಕ್ಕದಲ್ಲಿ 22. ತೋಟಕ್ಕೆ ನೀರು ಹೊಡೆಯುವ 5 ಎಚ್‌ಪಿ ಮೋಟಾರ್ ಇದೆಯಲ್ಲ, ಅಂಥ ನಾಲ್ಕು ಓಡುತ್ತವೆ, ಸ್ವಲ್ಪ ಮಿಗುತ್ತದೆ. ನಾಲ್ಕು ಅಡಿಕೆ ತೋಟದ ಕರೆಂಟಿನಲ್ಲಿ ಒಂದು ಯುದ್ಧ ವಿಮಾನ! ಅದೂ ಬಿಸಿಲು ಪಕ್ಕದಿಂದ ನೇರ ಬಿದ್ದರೆ. ಆಗಲೂ ಆಚೆ ಹಲಗೆ ಈಚೆ ಹಲಗೆಯ ನೆರಳಲ್ಲಿ ಕೂತಿರುತ್ತದೆ. ಸೂರ್ಯ ಎದುರಿಗೆ ಬಂದರೆ ಬಿಸಿಲು ಬೀಳುವುದು ಹಲಗೆಯ ಅಂಚಿಗೆ ಮಾತ್ರ. ಮನೆ ಮೇಲೆ ಸೋಲಾರ್ ಹಾಕಿಸಿದ ಮಲೆನಾಡಿನವರಿಗೆ ಈ ಕಷ್ಟ ಹೊಸದಲ್ಲ. ಆಷಾಢ ಬಂತು ಅಂದರೆ ಬಚ್ಚಲ ಒಲೆ, ಹಂಡೆ ನೀರೇ ಗತಿ ಅಲ್ವಾ? ಇದಕ್ಕೇ ಇರಬೇಕು, ಕಥೆಯವರು ಒಳಗೆ ಒಂದು ರಿಯಾಕ್ಟರ್ ಕೂಡ ಇಟ್ಟಿದ್ದಾರೆ. ಪ್ಯಾನೆಲ್ ಅದಕ್ಕೆ ಜೊತೆಗಾರ.

ನನ್ನನ್ನು ಕೇಳಿದರೆ ಆ ಹಲಗೆಗಳಿಗೆ ಬೇರೆಯೇ ಕೆಲಸ ಕೊಡುತ್ತಿದ್ದೆ. ಕಾಫಿ ಫ್ಲಾಸ್ಕ್ ಗೊತ್ತಲ್ಲ, ಎರಡು ಗೋಡೆಯ ನಡುವೆ ಗಾಳಿ ಇರುವುದಿಲ್ಲ, ಅದಕ್ಕೇ ಬಿಸಿ ಹೊರಗೆ ಹೋಗುವುದಿಲ್ಲ. ಅಂತರಿಕ್ಷ ನೌಕೆಯ ಸುತ್ತಲೂ ಅಂಥದ್ದೇ ಬರಿದು. ಎಂಜಿನ್, ಗನ್, ರಿಯಾಕ್ಟರ್ ಎಲ್ಲದರ ಬಿಸಿ ಒಳಗೇ ಸೇರುತ್ತಾ ಹೋಗುತ್ತದೆ. ಅದನ್ನು ಹೊರಗೆ ಹಾಕಲು ಇರುವ ದಾರಿ ಅಗಲವಾದ ಹಲಗೆಗಳಿಂದ ಶಾಖವನ್ನು ಬೆಳಕಿನ ಹಾಗೆ ಹೊರಸೂಸುವುದು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಸೋಲಾರ್ ಪ್ಯಾನೆಲ್ ಬೇರೆ, ಬಿಸಿ ಕಳೆಯುವ ರೇಡಿಯೇಟರ್ ಬೇರೆ ಇವೆ. ಟೈ ಫೈಟರ್‌ನದು ರೇಡಿಯೇಟರ್ ಅಂದಿದ್ದರೆ ಮಾವನ ಬಾಯಿ ಮುಚ್ಚಿಸುವುದು ಸುಲಭವಾಗುತ್ತಿತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಆಕಾರ ಯಾಕೆ ಬದಲಾಗುತ್ತದೆ ಅನ್ನಲಿಕ್ಕೆ ಮೊದಲಿನ ಟೈ ಫೈಟರ್‌ನಲ್ಲಿ ಏನೇನು ಇಲ್ಲ ಅಂತ ತಿಳಿಯಬೇಕು. ಗುಂಡು ತಡೆಯುವ ಶೀಲ್ಡ್ ಇಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುವ ಹೈಪರ್‌ಡ್ರೈವ್ ಇಲ್ಲ. 1977ರ ಸಿನಿಮಾದಲ್ಲಿ ಒಂಟಿ ಟೈ ಫೈಟರ್ ಕಂಡಾಗ, ಇಷ್ಟು ಸಣ್ಣದು ಇಷ್ಟು ದೂರ ತಾನಾಗಿ ಬಂದಿರಲಿಕ್ಕಿಲ್ಲ ಅಂತ ಅನುಮಾನ ಪಡುವುದು ಅದಕ್ಕೇ. ಉಸಿರಾಟದ ಏರ್ಪಾಡೂ ಕ್ಯಾಬಿನ್‌ನಲ್ಲಿ ಇಲ್ಲ, ಪೈಲಟ್ ಕಪ್ಪು ಹೆಲ್ಮೆಟ್ಟಿನ ಸೂಟ್ ಹಾಕಿಕೊಂಡೇ ಕೂರಬೇಕು. ಸಾಮ್ರಾಜ್ಯದ ಲೆಕ್ಕ ಸರಳ: ಅಗ್ಗದಲ್ಲಿ ಮಾಡು, ಹಗುರ ಮಾಡು, ಸಾವಿರಗಟ್ಟಲೆ ಮಾಡು. ಸತ್ತವನ ಜಾಗಕ್ಕೆ ಇನ್ನೊಬ್ಬ.

ಇತಿಹಾಸದಲ್ಲೂ ಇಂಥದ್ದು ಇತ್ತು. ಎರಡನೇ ಮಹಾಯುದ್ಧದ ಶುರುವಿನಲ್ಲಿ ಜಪಾನಿನ ಝೀರೋ ವಿಮಾನ ಹಗುರ, ಚುರುಕು, ಬಹಳ ದೂರ ಹಾರುತ್ತಿತ್ತು. ಆದರೆ ಪೈಲಟ್‌ಗೆ ರಕ್ಷಾಕವಚ ಇರಲಿಲ್ಲ, ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕೂ ಇರಲಿಲ್ಲ. ನಾಲ್ಕು ಗುಂಡು ಸರಿಯಾಗಿ ಬಿದ್ದರೆ ಹೊತ್ತಿಕೊಳ್ಳುತ್ತಿತ್ತು. ಒಳ್ಳೆಯ ಪೈಲಟ್‌ಗಳು ಮುಗಿದ ಮೇಲೆ ವಿಮಾನ ಎಷ್ಟಿದ್ದೂ ಪ್ರಯೋಜನವಾಗಲಿಲ್ಲ.

ಹಾಗಾಗಿ ಟೈ ಫೈಟರ್‌ನ ಒಂದೊಂದು ಬಗೆಯೂ ಹಳೆಯದರ ಒಂದೊಂದು ಕೊರತೆಗೆ ಹಾಕಿದ ತೇಪೆ ಅಂತ ನೋಡಿದರೆ ಎಲ್ಲ ಸಲೀಸಾಗಿ ಅರ್ಥವಾಗುತ್ತದೆ. ನನಗೆ ಬಹಳ ಇಷ್ಟವಾದ ತೇಪೆ 1983ರಲ್ಲಿ ಬಂದ ಇಂಟರ್‌ಸೆಪ್ಟರ್. ಮಳೆಯಲ್ಲಿ ಗೊರಬು ಹಾಕಿಕೊಂಡು ಗದ್ದೆಗೆ ಇಳಿದವರನ್ನು ಕೇಳಿ, ಎದುರಿಗೆ ಇರುವುದು ಕಾಣುತ್ತದೆ, ಪಕ್ಕಕ್ಕೆ ನೋಡಬೇಕು ಅಂದರೆ ಇಡೀ ಮೈ ತಿರುಗಿಸಬೇಕು. ಹಳೆಯ ಟೈ ಫೈಟರ್ ಪೈಲಟ್‌ನ ಪಾಡು ಅದೇ. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ. ಆಕಾಶದ ಹೊಡೆದಾಟದಲ್ಲಿ ಮೊದಲು ಯಾರ ಕಣ್ಣಿಗೆ ಯಾರು ಬೀಳುತ್ತಾರೆ ಅನ್ನುವುದರ ಮೇಲೇ ಅರ್ಧ ಕಥೆ ನಿಂತಿರುತ್ತದೆ. ಇಂಟರ್‌ಸೆಪ್ಟರ್‌ನಲ್ಲಿ ಆ ಗೋಡೆಯ ನಡುಭಾಗವನ್ನು ಮುಂದಿನಿಂದ ಕತ್ತರಿಸಿ ತೆಗೆದರು. ಉಳಿದದ್ದು ಮುಂದಕ್ಕೆ ಚಾಚಿದ ಚೂಪು ಕೋರೆಗಳು. ಪೈಲಟ್‌ಗೆ ಪಕ್ಕದ ನೋಟ ಸಿಕ್ಕಿತು, ಕೋರೆಗಳ ತುದಿಗೆ ಗನ್ ಇಡಲು ಜಾಗವೂ ಸಿಕ್ಕಿತು. ಎರಡು ಗನ್ ಇದ್ದ ಕಡೆ ನಾಲ್ಕು ಬಂದವು. ಒಂದು ಕತ್ತರಿಯಲ್ಲಿ ಎರಡು ಕೆಲಸ. ನೋಡಲಿಕ್ಕೂ ಕೋಪ ಬಂದ ಹಾಗಿದೆ.

ನೀವು ನೋಡಿದ ಬಾಗಿದ ರೆಕ್ಕೆಯದು ಸಾಮ್ರಾಜ್ಯದ ದೊಡ್ಡ ಖಳ ಡಾರ್ತ್ ವೇಡರ್‌ನ ಟೈ ಅಡ್ವಾನ್ಸ್‌ಡ್. ಅದಕ್ಕೆ ಶೀಲ್ಡೂ ಇದೆ, ಹೈಪರ್‌ಡ್ರೈವೂ ಇದೆ. 1977ರ ಸಿನಿಮಾದ ಕೊನೆಗೆ ಅವನ ನೌಕೆ ಗಿರಗಿರ ತಿರುಗುತ್ತಾ ದೂರ ಹೋಗಿಯೂ ಅವನು ಬದುಕಿ ಉಳಿಯುತ್ತಾನಲ್ಲ, ಸಾಮಾನ್ಯ ಪೈಲಟ್ ಆಗಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. (ನನ್ನ ಬಳಿಯೂ ಒಂದು ಬಾಗಿದ ರೆಕ್ಕೆಯದಿದೆ. ಶಿವಮೊಗ್ಗದ ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಕಿಟ್ ಜೋಡಿಸಿ ಬಣ್ಣ ಹಚ್ಚಿದೆ. ಮೂರು ದಿನವಾದರೂ ಒಣಗಲಿಲ್ಲ. ಬಚ್ಚಲ ಒಲೆಯ ಹತ್ತಿರ ಇಟ್ಟು ಮರೆತೆ. ಸ್ನೇಹಿತ ಬಂದವನು "ಓ, ವೇಡರ್‌ದು!" ಅಂದ. ನಾನು ತಿದ್ದಲಿಲ್ಲ.)

ಬಾಂಬರ್ 1980ರದು. ಚೆಂಡಿನಂಥ ಒಂದು ಕೋಣೆಯ ಬದಲು ಜೋಡಿ ಕೊಳವೆ, ಒಂದರಲ್ಲಿ ಪೈಲಟ್, ಇನ್ನೊಂದರಲ್ಲಿ ಬಾಂಬು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಲಗೇಜ್ ಆಟೋ ಇದ್ದ ಹಾಗೆ. ಡಿಫೆಂಡರ್ ಹುಟ್ಟಿದ್ದು ಸಿನಿಮಾದಲ್ಲಲ್ಲ, 1994ರ ಕಂಪ್ಯೂಟರ್ ಗೇಮ್‌ನಲ್ಲಿ. ಮೂರು ರೆಕ್ಕೆ, ಶೀಲ್ಡ್, ಹೈಪರ್‌ಡ್ರೈವ್, ಕೈಗೆ ಸಿಕ್ಕಿದ್ದೆಲ್ಲ ತುಂಬಿದ್ದಾರೆ. ನನಗೆ ಅದು ರುಚಿಸುವುದಿಲ್ಲ. ಕೊರತೆಯೇ ಇಲ್ಲದ ಟೈ ಫೈಟರ್ ಟೈ ಫೈಟರೇ ಅಲ್ಲ ಅನಿಸುತ್ತದೆ.

2016ರಲ್ಲಿ ಬಂದ ಸ್ಟ್ರೈಕರ್ ಮಾತ್ರ ಮಾವನಿಗೆ ತೋರಿಸಲೇಬೇಕು. ಅದು ಗ್ರಹದ ಮೇಲೆ, ಗಾಳಿಯಲ್ಲಿ ಹಾರಲಿಕ್ಕೆ ಅಂತಲೇ ಮಾಡಿದ್ದು. ಅಲ್ಲಿ ಹಲಗೆಗಳು ನಿಂತಿಲ್ಲ, ಮಲಗಿವೆ, ನಿಜವಾದ ರೆಕ್ಕೆಯ ಹಾಗೆ. ಸಾಮಾನ್ಯ ಟೈ ಫೈಟರ್ ಗಾಳಿಯಲ್ಲಿ ಹಾರಿದರೆ ಏನಾಗುತ್ತದೆ ಅಂತ ಯೋಚಿಸಿ. ಪಕ್ಕದಿಂದ ಒಂದು ಜೋರು ಗಾಳಿ ಬೀಸಿದರೆ ಕೊಟ್ಟಿಗೆಯ ತಗಡು ಹಾರಿದ ಹಾಗೆ ಹಾರಬೇಕು. ಸಿನಿಮಾದಲ್ಲಿ ಹಾಗಾಗುವುದಿಲ್ಲ, ಇರಲಿ ಬಿಡಿ.

2015ರಿಂದ ಬಂದ ಹೊಸ ಸಿನಿಮಾಗಳಲ್ಲಿ ಎರಡು ಸೀಟಿನದೂ ಬಂತು. ಹಿಂದೆ ಕೂತವನು ಗನ್ ನೋಡಿಕೊಳ್ಳುತ್ತಾನೆ, ಶೀಲ್ಡೂ ಇದೆ. 2019ರ ಟಿವಿ ಸರಣಿಯೊಂದರಲ್ಲಿ ಇಳಿಯುವಾಗ ರೆಕ್ಕೆ ಮಡಚಿಕೊಳ್ಳುವ ಟೈ ಫೈಟರ್ ಕಂಡಾಗ ನನಗೆ ಖುಷಿಯಾಯಿತು. ಇದು ಇಳಿಯುವುದು ಹೇಗಪ್ಪಾ ಅನ್ನುವುದು ನನ್ನ ಬಹಳ ವರ್ಷದ ತಕರಾರು. ನಿಜವಾದ ವಿಮಾನಗಳೂ ಹೀಗೇ ಬೆಳೆಯುವುದು. ನಮ್ಮ ತೇಜಸ್ 2001ರಲ್ಲಿ ಮೊದಲ ಸಲ ಹಾರಿತು. ಆಮೇಲೆ ತರಬೇತಿಗೆ ಎರಡು ಸೀಟಿನದು, ಹಡಗಿನ ಮೇಲೆ ಇಳಿಯುವ ನೌಕಾಪಡೆಯ ಮಾದರಿ, ಮಾರ್ಕ್-1ಎ ಅಂತ ಕವಲೊಡೆಯಿತು.

ಇಷ್ಟೆಲ್ಲ ಕಾರಣ ಹೇಳಿದ್ದು ಕಥೆಯ ಒಳಗಿನಿಂದ. ಹೊರಗಿನ ಕಾರಣ ಇನ್ನೂ ಸರಳ, ನನಗೆ ಅದೇ ನಿಜವಾದ ಕಾರಣ. ಟೈ ಫೈಟರ್, ನಾಯಕನ ಕಡೆಯವರ ಎಕ್ಸ್-ವಿಂಗ್ ನೌಕೆ, ಎರಡರ ಮೊದಲ ಮಾದರಿಗಳನ್ನೂ ಮಾಡಿದವರು ಕಾಲಿನ್ ಕ್ಯಾಂಟ್‌ವೆಲ್. ಹೊಡೆದಾಟದ ದೃಶ್ಯಗಳಿಗೆ ಮಾರ್ಗದರ್ಶಿ ಅಂತ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಮಹಾಯುದ್ಧದ ವಿಮಾನ ಕಾಳಗದ ತುಣುಕುಗಳನ್ನು ಜೋಡಿಸಿ ಇಟ್ಟುಕೊಂಡಿದ್ದರು. ಅಂಥ ದೃಶ್ಯದಲ್ಲಿ ಒಂದು ನೌಕೆ ತೆರೆಯ ಮೇಲೆ ಇರುವುದು ಒಂದೆರಡು ಸೆಕೆಂಡ್. ಅಷ್ಟರಲ್ಲಿ ಇದು ನಮ್ಮವರದಾ, ಎದುರಾಳಿಯದಾ ಅಂತ ಗೊತ್ತಾಗಬೇಕು. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬೆಳಗಿನ ಜಾವ ಮೂರು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಮೈದಾನದ ಕೊನೆಯಲ್ಲಿ ಕೂತವನಿಗೂ ಬಣ್ಣದ ವೇಷ ರಂಗಕ್ಕೆ ಬಂತು ಅಂದರೆ ರಾಕ್ಷಸ ಅಂತ ಗೊತ್ತು. ಮುಖ ಕಾಣಬೇಕಿಲ್ಲ, ಕಿರೀಟದ ಅಗಲ ಸಾಕು. ಎಕ್ಸ್-ವಿಂಗ್ ಎದುರಿನಿಂದ ಕತ್ತರಿ ಗುರುತಿನ ಹಾಗೆ ಕಾಣುತ್ತದೆ, ಟೈ ಫೈಟರ್ ಎರಡು ಗೋಡೆಯ ನಡುವೆ ಸಿಕ್ಕಿಬಿದ್ದ ಕಣ್ಣುಗುಡ್ಡೆಯ ಹಾಗೆ. ಅದಕ್ಕೇ ರೆಕ್ಕೆ ಅಷ್ಟಗಲ. ವೇಡರ್‌ನದು ಬಾಗಿರುವುದರಿಂದ ಹತ್ತು ಟೈ ಫೈಟರ್ ನಡುವೆಯೂ ಯಜಮಾನ ಯಾರು ಅಂತ ತಿಳಿಯುತ್ತದೆ.

ಕಣ್ಣಿಗೆ ಇದ್ದ ಹಾಗೆ ಕಿವಿಗೂ ಒಂದು ವೇಷ ಇದೆ. ಟೈ ಫೈಟರ್ ಹಾದುಹೋಗುವಾಗ ಚೀರುವ ಸದ್ದು ಬರುತ್ತದಲ್ಲ, ಅದನ್ನು ಮಾಡಿದವರು ಸಿನಿಮಾದ ಸೌಂಡ್ ಡಿಸೈನರ್ ಬೆನ್ ಬರ್ಟ್. ಯಂತ್ರದ ಸದ್ದು ಅಲ್ಲವೇ ಅಲ್ಲ. ಆನೆ ಘೀಳಿಡುವುದನ್ನೂ, ಒದ್ದೆ ರಸ್ತೆಯ ಮೇಲೆ ಕಾರು ಓಡುವ ಸದ್ದನ್ನೂ ಬೆರೆಸಿದ್ದು. ಇದನ್ನು ಓದಿದ ದಿನದಿಂದ ತೀರ್ಥಹಳ್ಳಿ ರಸ್ತೆ ನನಗೆ ಬೇರೆಯೇ ಆಗಿದೆ. ಶಿವಮೊಗ್ಗದಿಂದ 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಮಳೆಗಾಲದಲ್ಲಿ ಅಲ್ಲಿ ರಸ್ತೆ ಒಣಗುವುದೇ ಅಪರೂಪ. ಬೇಕಾದ ಎರಡೂ ಸಾಮಾನು ಒಂದೇ ಕಡೆ.

ಮುಂದಿನ ಸಲ ಮಾವನ ಜೊತೆ ಶಿವಮೊಗ್ಗಕ್ಕೆ ಬರುವಾಗ ಸಕ್ರೆಬೈಲಿನ ಹತ್ತಿರ ಬಸ್ಸಿನ ಕಿಟಕಿ ಸ್ವಲ್ಪ ಸರಿಸಿ. ಆನೆ ಕೂಗದಿದ್ದರೂ ಟೈರಿನ ಸದ್ದು ಖಂಡಿತ ಸಿಗುತ್ತದೆ. ಟೈ ಫೈಟರ್ ಸದ್ದು ಹೀಗೆ ಹುಟ್ಟಿದ್ದು ಅಂತ ಹೇಳಿ. ಹೇಳುವ ಮೊದಲು ಒಂದು ಉತ್ತರ ಯೋಚಿಸಿ ಇಟ್ಟುಕೊಂಡಿರಿ. ಯಾಕೆಂದರೆ ಅವರು ಸುಮ್ನೆ ಬಿಡುವ ಪೈಕಿ ಅಲ್ಲ ಅನಿಸುತ್ತದೆ, "ಗಾಳಿಯೇ ಇಲ್ಲದ ಕಡೆ ಸದ್ದು ಎಂತದು ಮಾರಾಯ?" ಅಂತ ಕೇಳಿಯೇ ಕೇಳುತ್ತಾರೆ.