ಬರೀ ವಾಲಿಬಾಲ್ ಕೋಚ್ ಆಗಿ ಸಂಸಾರ ನಡೆಯುತ್ತಾ?

ಪ್ರಶ್ನೆ: ನಮ್ಮಲ್ಲಿ ಪಿಟಿ ಮೇಷ್ಟ್ರೇ ಕಬಡ್ಡಿಗೂ ಬರುತ್ತಾರೆ, ಖೋ ಖೋಗೂ ಬರುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ಹುಡುಗರ ವಾಲಿಬಾಲ್‌ಗೆ ಅಂತಲೇ ಒಬ್ಬ ಕೋಚ್ ಇರುತ್ತಾರಂತೆ. ಅದೊಂದೇ ಕೆಲಸದಲ್ಲಿ ಜೀವನ ಸಾಗುತ್ತಾ?

ಉತ್ತರ: ಸಾಗುತ್ತದೆ. ಆದರೆ ಅಂಥ ಕೆಲಸಗಳು ಅಲ್ಲೂ ಬೆರಳೆಣಿಕೆ. ಸಿಕ್ಕವರಿಗೂ ಮೊದಲಿನಿಂದ ಸುಖ ಇರಲಿಲ್ಲ. ಅಲ್ ಸ್ಕೇಟ್ಸ್ ಅವರನ್ನೇ ನೋಡಿ.

ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಅವರು ಕೋಚ್ ಆಗಿದ್ದು 1963ರಲ್ಲಿ. ಆಗ ಎನ್‌ಸಿಎಎ, ಅಂದರೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ, ವಾಲಿಬಾಲ್ ಪಂದ್ಯಾವಳಿ ಶುರುವೇ ಮಾಡಿರಲಿಲ್ಲ. ಅದು ಬಂದಿದ್ದು 1970ರಲ್ಲಿ. ಮೊದಲ ಕಪ್ ಸ್ಕೇಟ್ಸ್ ತಂಡಕ್ಕೇ ಹೋಯಿತು. ಮುಂದೆ 2006ರ ಹೊತ್ತಿಗೆ ಒಟ್ಟು 19 ಕಪ್. 2012ರಲ್ಲಿ ನಿವೃತ್ತಿ ಆಗುವಾಗ ಲೆಕ್ಕ ಹೀಗಿತ್ತು: 50 ಸೀಸನ್, 1,239 ಗೆಲುವು, 290 ಸೋಲು. 1979, 1982, 1984ರಲ್ಲಂತೂ ಒಂದು ಪಂದ್ಯವನ್ನೂ ಸೋತಿಲ್ಲ.

ಇಷ್ಟೆಲ್ಲ ಗೆದ್ದ ಮನುಷ್ಯ ದಶಕಗಳ ಕಾಲ ಬೆವರ್ಲಿ ಹಿಲ್ಸ್‌ನಲ್ಲಿ ಪ್ರಾಥಮಿಕ ಶಾಲೆಯ ಪಿಟಿ ಮೇಷ್ಟ್ರೂ ಆಗಿದ್ದರು! ಒಂದು ಕಡೆ ಚಿಕ್ಕ ಮಕ್ಕಳು, ಇನ್ನೊಂದು ಕಡೆ ಕಾರ್ಚ್ ಕಿರಾಯ್ ಥರದ ಹುಡುಗರು. ಈ ಕಿರಾಯ್ ಆಮೇಲೆ ಮೂರು ಒಲಿಂಪಿಕ್ ಚಿನ್ನ ಗೆದ್ದರು, ಒಂದು ಬೀಚ್ ವಾಲಿಬಾಲ್‌ನಲ್ಲಿ. ಅಂದರೆ ನೀವು ಹೇಳಿದ ನಮ್ಮ ಪಿಟಿ ಮೇಷ್ಟ್ರಿಗೂ ಸ್ಕೇಟ್ಸ್‌ಗೂ ಅಂಥ ದೂರ ಇಲ್ಲ, ಅಲ್ವಾ?

ಸ್ಮ್ಯಾಶ್, ಬ್ಲಾಕ್ ಹೇಳಿಕೊಡುವುದಷ್ಟೇ ಕೋಚ್ ಕೆಲಸ ಅಂದುಕೊಳ್ಳಬೇಡಿ. ನನ್ನ ಪ್ರಕಾರ ನಿಜವಾದ ತಲೆನೋವು ಸ್ಕಾಲರ್‌ಶಿಪ್ ಹಂಚುವುದು. ಎಷ್ಟೋ ವರ್ಷ ಹುಡುಗರ ವಾಲಿಬಾಲ್‌ಗೆ ಇದ್ದ ಮಿತಿ ಇಡೀ ತಂಡಕ್ಕೆ ಬರೀ ನಾಲ್ಕೂವರೆ ಪೂರ್ತಿ ಸ್ಕಾಲರ್‌ಶಿಪ್, ಅದನ್ನೇ ತುಂಡು ಮಾಡಿ ಹಂಚಬೇಕು. ಕೋರ್ಟಿನಲ್ಲಿ ನಿಲ್ಲುವವರೇ ಆರು ಜನ, ತಂಡದಲ್ಲಿ ಸುಮಾರು ಇಪ್ಪತ್ತು. ಒಳ್ಳೆ ಸೆಟ್ಟರ್‌ಗೆ ಮುಕ್ಕಾಲು, ಎತ್ತರದ ಬ್ಲಾಕರ್‌ಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಉಳಿದವರಿಗೆ ಸೊನ್ನೆ. ಸೊನ್ನೆ ಸಿಕ್ಕವನ ಅಪ್ಪ ಅಮ್ಮನನ್ನು ಕೂರಿಸಿಕೊಂಡು, "ಫೀಸು ನೀವೇ ಕಟ್ಟಿ, ಹುಡುಗನನ್ನು ನನ್ನ ಹತ್ತಿರ ಕಳಿಸಿ" ಅಂತ ಒಪ್ಪಿಸಬೇಕು. ಬಾಯಿ ಇಲ್ಲದವನು ಈ ಕೆಲಸಕ್ಕೆ ಆಗುವುದಿಲ್ಲ. 2025ರಲ್ಲಿ ನಿಯಮ ಬದಲಾಗಿದೆ. ಹೊಸ ವ್ಯವಸ್ಥೆಗೆ ಸೇರಿದ ಕಾಲೇಜು 18 ಜನರ ತಂಡ ಇಟ್ಟುಕೊಂಡು ಎಲ್ಲರಿಗೂ ಕೊಡಬಹುದು. ದುಡ್ಡಿದ್ದರೆ ತಾನೇ!

ಇನ್ನು ಈ ಕೆಲಸ ಸಿಗುವುದು ಹೇಗೆ? ಸಾಮಾನ್ಯವಾಗಿ ಮೊದಲು ಆಟಗಾರ, ಆಮೇಲೆ ಅಸಿಸ್ಟೆಂಟ್, ಆಮೇಲೆ ಬೇರೆ ಕಾಲೇಜಿನಲ್ಲಿ ಮುಖ್ಯ ಕೋಚ್. ದೈಹಿಕ ಶಿಕ್ಷಣವನ್ನೇ ಓದಿರಬೇಕು ಅಂತೇನೂ ಇಲ್ಲ. ಸ್ಕೇಟ್ಸ್ ಶಿಷ್ಯ ಜಾನ್ ಸ್ಪೆರಾ ಓದಿದ್ದು ಸೂಕ್ಷ್ಮಜೀವಿಗಳ ಬಗ್ಗೆ. 1993, 1995ರಲ್ಲಿ ಕಪ್ ಗೆದ್ದ ಯುಸಿಎಲ್‌ಎ ತಂಡದಲ್ಲಿ ಆಡಿದರು. ಆಮೇಲೆ ಗುರುವಿನ ಪಕ್ಕದಲ್ಲೇ ಅಸಿಸ್ಟೆಂಟ್ ಆಗಿ ಕೂತರು. ಅಲ್ಲಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದೇ ಇನ್ನೊಂದು ಕ್ಯಾಂಪಸ್ ಆದ ಅರ್ವೈನ್‌ಗೆ ಹೋಗಿ ಮುಖ್ಯ ಕೋಚ್ ಆಗಿ ಮೂರು ಕಪ್ ಗೆದ್ದರು. ಜೊತೆಜೊತೆಗೆ ರಾಷ್ಟ್ರೀಯ ತಂಡದ ಜವಾಬ್ದಾರಿಯೂ ಬಂತು. 2016ರ ರಿಯೋ, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಅಮೆರಿಕದ ಹುಡುಗರು ಕಂಚು ತಂದಿದ್ದು ಇವರ ಕೈಕೆಳಗೇ.

ಸ್ಕೇಟ್ಸ್ ಅವರ ಕೊನೆಯ ಸೀಸನ್ 2012 ಅಂದೆನಲ್ಲ. ಆ ವರ್ಷ ಕಪ್ ಎತ್ತಿದ್ದು ಗುರುವಿನ ತಂಡ ಅಲ್ಲ, ಸ್ಪೆರಾ ಅವರ ಅರ್ವೈನ್. ಗುರುವಿನ ಜಾಗಕ್ಕೆ ಯುಸಿಎಲ್‌ಎ ಕರೆದಿದ್ದೂ ಅವರನ್ನೇ. ಆದರೆ ಹೋದ ಮೇಲೆ ಅಲ್ಲಿ ಮೊದಲ ಕಪ್ ಗೆಲ್ಲೋಕೆ 2023ರ ತನಕ ಕಾಯಬೇಕಾಯಿತು.